ಆರನ್ನು ಎಂಟು ಎಂದು ಬರೆದ ದಿನ

ಇಪ್ಪತ್ತು ಹೆರಿಗೆ ನನ್ನ ಕೈಯಿಂದಲೇ ಆಗಬೇಕಿತ್ತು. ಪಕ್ಕದಲ್ಲಿ ನಿಂತು ನೋಡಿದ್ದು ಲೆಕ್ಕಕ್ಕಿಲ್ಲ, ಟ್ರೇ ಹಿಡಿದದ್ದು ಲೆಕ್ಕಕ್ಕಿಲ್ಲ. ಮಗುವಿನ ತಲೆ ನನ್ನ ಅಂಗೈಗೆ ಬರಬೇಕು, ಹೊಕ್ಕುಳಬಳ್ಳಿಗೆ ನಾನೇ ಕ್ಲಾಂಪ್ ಹಾಕಬೇಕು, ಮಾಸು ಪೂರ್ತಿ ಬಂದಿದೆಯೇ ಎಂದು ನಾನೇ ಹರಡಿ ನೋಡಬೇಕು. ಆಮೇಲೆ ಸ್ಟಾಫ್ ಸಿಸ್ಟರ್ ಸಹಿ ಹಾಕಿದರೆ ಒಂದು. ನಮ್ಮ ಸಿಲಬಸ್ಸಿನಲ್ಲಿ ಹಾಗೆ ಇಪ್ಪತ್ತಾಗಿ, ಕೇಸ್ ಬುಕ್ ಕಾಲೇಜಿಗೆ ಒಪ್ಪಿಸಿದವರಿಗೆ ಮಾತ್ರ ಫೈನಲ್ ಪರೀಕ್ಷೆಯ ಹಾಲ್ ಟಿಕೆಟ್. ಡಿಗ್ರಿ ಒಂದೇ, ಅದರೊಳಗೆ ಕೆಲಸ ಎರಡು: ಪಾಸಾದವಳು ನರ್ಸೂ ಹೌದು, ಸೂಲಗಿತ್ತಿಯೂ ಹೌದು. ನರ್ಸ್ ಅನ್ನಿಸಿಕೊಳ್ಳಲು ಬೇಕಾದದ್ದೆಲ್ಲ ನಾನು ಮುಗಿಸಿದ್ದೆ. ಸೂಲಗಿತ್ತಿ ಅನ್ನಿಸಿಕೊಳ್ಳಲು ನಾಲ್ಕು ಹೆರಿಗೆ ಕಡಿಮೆ ಬಿದ್ದಿದ್ದವು.

ಕಡಿಮೆ ಬಿದ್ದದ್ದು ಟೈಫಾಯ್ಡಿನಿಂದ. ಹೆರಿಗೆ ವಾರ್ಡಿನ ಪೋಸ್ಟಿಂಗ್ ಇದ್ದ ತಿಂಗಳಲ್ಲೇ ಜ್ವರ ಹಿಡಿದು ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಎದ್ದು ಹೋದಾಗ ಗೆಳತಿಯರದು ಇಪ್ಪತ್ತೆರಡು, ಇಪ್ಪತ್ತೈದು ಆಗಿತ್ತು. ನನ್ನದು ಹದಿನಾರಕ್ಕೆ ನಿಂತಿತ್ತು. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡ ಮೇಲೆ ನಮ್ಮ ಟ್ಯೂಟರ್ ಪರೀಕ್ಷೆಗೆ ಮುಂಚೆ ಎಂಟು ದಿನದ ಹೆಚ್ಚುವರಿ ಪೋಸ್ಟಿಂಗ್ ಕೊಡಿಸಿದರು. ಅವರು ಉಡುಪಿ ಕಡೆಯವರು. ಇಡೀ ಕಾಲೇಜಿನಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಕನ್ನಡ ಆಡುತ್ತಾರೆಂದು ಕರುಣೆ ಜಾಸ್ತಿ ಎಂದೇನೂ ಇರಲಿಲ್ಲ.

"ಎಂಟು ದಿನದಲ್ಲಿ ನಾಲ್ಕು ಆಗದಿದ್ರೆ ನನಗೆ ಎಂಥ ಮಾಡ್ಲಿಕ್ಕೂ ಆಗುದಿಲ್ಲ ಮಾರಾಯ್ತಿ. ಮತ್ತೆ ಆರು ತಿಂಗಳು ಕಾಯ್ಬೇಕು. ಆಗ ನನ್ನ ಹತ್ರ ಬಂದು ಅಳ್ಬೇಡ," ಎಂದರು.

ಆರು ತಿಂಗಳು ಬೇರೆಯವರಿಗೆ ಬರೀ ಆರು ತಿಂಗಳು. ನಾನು ಏಳನೆಯ ತರಗತಿವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತವಳು. ಮೊದಲ ವರ್ಷವೇ ಇಂಗ್ಲಿಷಿನ ಅನಾಟಮಿ ನನ್ನನ್ನು ಕೆಡವಿತ್ತು, ನಾಲ್ಕು ವರ್ಷದ ಕೋರ್ಸು ಆಗಲೇ ಐದಕ್ಕೆ ಬಂದಿತ್ತು. ಆಂಟಾಪ್ ಹಿಲ್‌ನ ನಮ್ಮ ಓಣಿಯಲ್ಲಿ ನಳದ ಮುಂದೆ ನಿಂತವರೆಲ್ಲ "ನಿನ್ನ ಮಗಳ ಓದು ಇನ್ನಾ ಮುಗೀಲಿಲ್ಲೇನ?" ಎಂದು ಕೇಳಿ ಕೇಳಿ ಅವ್ವನನ್ನು ಹಣ್ಣು ಮಾಡಿದ್ದರು. ಅವಳೂ ಹಟಕ್ಕೆ ಬಿದ್ದು, ಈ ದೀಪಾವಳಿಗೆ ನನ್ನ ಮಗಳು ಸಿಸ್ಟರ್ ಎಂದು ಸಾರಿಬಿಟ್ಟಿದ್ದಳು. ಒಮ್ಮೆ ಬಿದ್ದು ಎದ್ದಿದ್ದೆ. ಇನ್ನೊಮ್ಮೆ ಬಿದ್ದರೆ ಏಳುತ್ತೇನೆಂಬ ನಂಬಿಕೆ ನನಗೇ ಇರಲಿಲ್ಲ, ಓದನ್ನೇ ಬಿಟ್ಟುಬಿಡುತ್ತೇನೆ ಎಂದು ಹೆದರಿದ್ದೆ.

ಪೋಸ್ಟಿಂಗಿಗೆ ಇನ್ನೂ ಒಂದು ತಿಂಗಳು ಇರುವಾಗಲೇ ಅವ್ವ ತನ್ನ ಕೆಲಸ ಶುರು ಮಾಡಿದಳು. ಓಣಿಯ ಬಸುರಿಯರ ದಿನ ಎಣಿಸುವ ಕೆಲಸ. ಯಾರಿಗೆ ಯಾವ ತಾರೀಕು ಕೊಟ್ಟಿದ್ದಾರೆ, ಯಾರು ಎಲ್ಲಿ ಹೆಸರು ಬರೆಸಿದ್ದಾರೆ, ಎಲ್ಲ ಅವಳ ಬಾಯಲ್ಲಿತ್ತು. ಕೊನೆಗೆ ಅವಳ ಕಣ್ಣು ಬಿದ್ದದ್ದು ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯ ಸೊಸೆಯ ಮೇಲೆ. ಇಪ್ಪತ್ತು ವರ್ಷದ ಹುಡುಗಿ, ಚೊಚ್ಚಲು. ಗಂಡ ಚೆಂಬೂರಿನ ಸೈಟೊಂದರಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ನಮ್ಮಂತೆಯೇ ಅವರೂ ಸಿಂದಗಿ ಕಡೆಯವರು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯದು, ಅದರಲ್ಲಿ ಎರಡನೆಯ ಮಾತಿಲ್ಲ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಬಳೆ ಇಡಿಸಿ ಆಗಿತ್ತು, ಈಗ ಎಂಟು ತುಂಬುತ್ತಿದ್ದಂತೆ ಅವಳ ತಾಯಿ ಕರೆದೊಯ್ಯಲು ಊರಿನಿಂದ ಬಂದು ಕೂತಿದ್ದಳು.

ಅವ್ವ ಅವರ ಮನೆಯ ಹೊಸ್ತಿಲಲ್ಲಿ ಕೂತು ಆ ತಾಯಿಗೆ ಹೇಳಿದ ಮಾತು ಗೋಡೆಯ ಈಚೆ ನನಗೆ ಕೇಳುತ್ತಿತ್ತು.

"ಅಲ್ಲಿ ಊರಾಗ ನಡುರಾತ್ರಿ ಬ್ಯಾನಿ ಬಂದ್ರ ಗಾಡಿ ಎಲ್ಲಿ ಹುಡಕತೀರಿ ಯವ್ವಾ? ಇಲ್ಲಿ ನನ್ನ ಮಗಳ ಅದಾಳ. ಅಕೀ ಕೈಯಾಗ ಕೊಡ್ರಿ. ಕೂದಲ ಕೊಂಕದಂಗ ನೋಡಕೋತಾಳ."

ಆ ತಾಯಿ ನನ್ನನ್ನು ಕರೆಸಿದಳು. ನನ್ನ ಎರಡೂ ಕೈ ಹಿಡಿದು, "ಹೌದೇನವಾ, ನೀ ಇರತೀಯಲ್ಲಾ?" ಎಂದು ಕೇಳಿದಳು. ಇರುತ್ತೇನೆ ಎಂದೆ. ಆಕೆ ಮಗಳನ್ನು ಬಿಟ್ಟು ಒಬ್ಬಳೇ ಊರಿಗೆ ಹೋದಳು. ಅವ್ವ ಮಾಡಿದ್ದು ತಪ್ಪು ಎಂದು ನನಗೆ ಆಗ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ, ಆ ಹುಡುಗಿ ನನ್ನ ಕಣ್ಣಿಗೆ ಬಸುರಿಯಾಗಿ ಕಾಣುತ್ತಿರಲಿಲ್ಲ, ಒಂದು ನಂಬರಾಗಿ ಕಾಣುತ್ತಿದ್ದಳು. ನಾನೇ ಕರೆದುಕೊಂಡು ಹೋಗಿ ನಮ್ಮ ಆಸ್ಪತ್ರೆಯಲ್ಲಿ ಅವಳ ಹೆಸರು ಬರೆಸಿದೆ.

ನಮ್ಮ ಹೆರಿಗೆ ಕೋಣೆಯಲ್ಲಿ ಹೆರುವವರಿಗಿಂತ ಹಿಡಿಯುವವರೇ ಹೆಚ್ಚು. ನರ್ಸಿಂಗ್ ಹುಡುಗಿಯರು, ಇಂಟರ್ನ್ ಡಾಕ್ಟರುಗಳು, ಎಲ್ಲರಿಗೂ ಅವರವರ ಲೆಕ್ಕ ತುಂಬಬೇಕು. ಅದಕ್ಕೆ ಯಾರೂ ಬರೆದಿಡದ ಒಂದು ಕಾಯಿದೆ ಇತ್ತು. ಕೇಸ್ ಪೇಪರಿನ ಮೂಲೆಯಲ್ಲಿ ಯಾರು ಮೊದಲು ಪೆನ್ಸಿಲಿನಿಂದ ತನ್ನ ರೋಲ್ ನಂಬರ್ ಬರೆಯುತ್ತಾರೋ ಕೇಸು ಅವರದು. ಆದರೆ ಅದು ನಾರ್ಮಲ್ ಇರುವ ತನಕ ಮಾತ್ರ. ಏನಾದರೂ ತೊಡಕಾಗಿ ಡಾಕ್ಟರ್ ಕೈ ಹಾಕಿದರೆ ಪೆನ್ಸಿಲ್ ನಂಬರನ್ನು ರಬ್ಬರಿನಿಂದ ಉಜ್ಜಬೇಕು.

ಮೊದಲ ದಿನ ಹೋದ ಗಳಿಗೆಯಲ್ಲೇ ಒಂದು ಸಿಕ್ಕಿತು. ಹದಿನೇಳು. ಇಷ್ಟೇ ಏನು, ನಾಲ್ಕೇ ದಿನದಲ್ಲಿ ಮುಗಿಸುತ್ತೇನೆ ಎಂದುಕೊಂಡೆ. ಎರಡನೆಯ ದಿನ ನನ್ನ ನಂಬರ್ ಬಿದ್ದ ಹೆಂಗಸು, ನಾನು ಗ್ಲೌಸ್ ಹಾಕಿಕೊಳ್ಳುವಷ್ಟರಲ್ಲಿ ಸ್ಟ್ರೆಚರಿನ ಮೇಲೆಯೇ ಹೆತ್ತಳು. ಮಗುವನ್ನು ಹಿಡಿದದ್ದು ಆಯಾಬಾಯಿ. ಮೂರನೆಯ ದಿನ ಐದು ಗಂಟೆ ಬೆನ್ನು ತಿಕ್ಕಿದ ಕೇಸು ಸಿಸೇರಿಯನ್ ಆಯಿತು. ನಾಲ್ಕರಂದು ಹದಿನೆಂಟು. ಐದರಂದು ಬರೀ ಆಪರೇಷನ್ ಕೇಸುಗಳು. ಆರರಂದು ಹತ್ತೊಂಬತ್ತು. ಏಳನೆಯ ದಿನ ಮಗುವಿನ ತಲೆ ಕಾಣಿಸುತ್ತಿದ್ದಾಗ ಒಬ್ಬ ಇಂಟರ್ನ್ ಬಂದು "ನೀನು ಆಚೆ ಸರಿ, ನಂದೂ ಕಂಪ್ಲೀಟ್ ಆಗಬೇಕು" ಎಂದು ಹಿಂದಿಯಲ್ಲಿ ಹೇಳಿ ಭುಜದಿಂದ ನನ್ನನ್ನು ಪಕ್ಕಕ್ಕೆ ತಳ್ಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಆದರೂ ಡಾಕ್ಟರಿಗೆ ಎದುರಾಡುವಂತಿಲ್ಲ. ಬಾತ್‌ರೂಮಿಗೆ ಹೋಗಿ ನಳ ಬಿಟ್ಟು ಅತ್ತೆ. ಉಳಿದದ್ದು ಒಂದು ದಿನ, ಒಂದು ಹೆರಿಗೆ.

ಎಂಟನೆಯ ದಿನ ಬೆಳಿಗ್ಗೆ ಆರಕ್ಕೆ ಪಕ್ಕದ ಮನೆಯ ಅತ್ತೆ ಗೋಡೆ ಬಡಿದಳು. ಸೊಸೆಗೆ ನೋವು ಶುರುವಾಗಿತ್ತು. ಅವ್ವ ದೇವರ ಫೋಟೋಕ್ಕೆ ಕೈ ಮುಗಿದು ನನ್ನ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ. ದೇವರೇ ಟ್ಯಾಕ್ಸಿ ಮಾಡಿ ಕಳಿಸಿದ ಹಾಗೆ ಅವಳ ಮುಖ ಅರಳಿತ್ತು. ಅವ್ವ, ಅತ್ತೆ, ಸೊಸೆ, ನಾನು ನಾಲ್ವರೂ ಟ್ಯಾಕ್ಸಿಯಲ್ಲಿ ವಡಾಲಾ ದಾಟಿ ಹೋದೆವು. ಆ ಹುಡುಗಿ ದಾರಿಯುದ್ದಕ್ಕೂ ನನ್ನ ಮೊಣಕೈ ಬಿಡಲಿಲ್ಲ.

ಎಂಟು ಗಂಟೆಗೆ ಸ್ಟಾಫ್ ಸಿಸ್ಟರ್ ಒಳಪರೀಕ್ಷೆ ಮಾಡಿದರು. ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ನೋವು ಹತ್ತು ನಿಮಿಷಕ್ಕೆ ಮೂರು ಸಲ. ಮಗುವಿನ ಎದೆಬಡಿತ ನಿಮಿಷಕ್ಕೆ ನೂರಾ ನಲವತ್ತು. ಎಲ್ಲ ಸರಿ ಇತ್ತು. ಪೇಪರಿನ ಮೂಲೆಯಲ್ಲಿ ನನ್ನ ನಂಬರ್ ಬರೆದೆ, ಪೆನ್ಸಿಲಿನ ಮೊನೆ ಮುರಿಯುವಷ್ಟು ಒತ್ತಿ ಬರೆದೆ.

ಮುಂದಿನದು ತಿಳಿಯಬೇಕಾದರೆ ಪಾರ್ಟೋಗ್ರಾಫ್ ಎಂಬ ಹಾಳೆಯ ಬಗ್ಗೆ ಹೇಳಬೇಕು. ಅದು ಹೆರಿಗೆಯ ನಕ್ಷೆ. ಅಡ್ಡಕ್ಕೆ ಗಂಟೆಗಳು, ನಿಲುವಿಗೆ ಸೆಂಟಿಮೀಟರ್. ನಾಲ್ಕರಿಂದ ಹತ್ತಕ್ಕೆ ಒಂದು ಓರೆಗೆರೆ ಹೋಗುತ್ತದೆ, ಗಂಟೆಗೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ. ನಾವು ಹಾಕುವ ಗುಣಿಸು ಗುರುತು ಆ ಗೆರೆಯ ಮೇಲೋ ಎಡಕ್ಕೋ ಇದ್ದರೆ ಹೆರಿಗೆ ಸರಿದಾರಿಯಲ್ಲಿದೆ. ಬಲಕ್ಕೆ ದಾಟಿದರೆ ಡಾಕ್ಟರಿಗೆ ಹೇಳಬೇಕು. ಇನ್ನೂ ಬಲಕ್ಕೆ ಎರಡನೆಯ ಗೆರೆ ಇದೆ, ಅದನ್ನು ಮುಟ್ಟಿದರೆ ಡಾಕ್ಟರ್ ಏನಾದರೂ ಮಾಡಲೇಬೇಕು. ಓದು ಬಾರದವರಿಗೂ ತಿಳಿಯುವಂಥ ನಕ್ಷೆ. ಗಡಿಬಿಡಿಯಲ್ಲಿರುವ ಡಾಕ್ಟರ್ ಹೆಂಗಸಿನ ಮುಖ ನೋಡುವುದಿಲ್ಲ, ಈ ಹಾಳೆ ನೋಡುತ್ತಾರೆ.

ಹನ್ನೊಂದರ ಹೊತ್ತಿಗೆ ಹುಡುಗಿ "ಅಕ್ಕಾ, ಹೊಟ್ಟಿಕಿಂತ ನಡಾ ಭಾಳ ಹರೀತೈತಿ," ಎಂದಳು. ನೋವು ಬೆನ್ನಿಗೇ ಹೆಚ್ಚಿದ್ದರೆ ಮಗುವಿನ ಮುಖ ಮುಂದಕ್ಕೆ ತಿರುಗಿರಬಹುದು, ತಲೆ ಇಳಿಯಲು ಕಷ್ಟವಾಗಬಹುದು ಎಂದು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತೆಗೆದುಕೊಂಡಿದ್ದೆ. ಆದರೂ ಅವಳ ಸೊಂಟ ತಿಕ್ಕುತ್ತ ಕೂತೆ, ಯಾರಿಗೂ ಹೇಳಲಿಲ್ಲ.

ಹನ್ನೆರಡಕ್ಕೆ ಎರಡನೆಯ ಒಳಪರೀಕ್ಷೆ. ಆ ದಿನ ಆರು ಟೇಬಲ್ಲಿಗೆ ಇಬ್ಬರೇ ಸ್ಟಾಫ್ ಸಿಸ್ಟರುಗಳಿದ್ದರು. ಒಬ್ಬರು ರಕ್ತ ಹೋಗುತ್ತಿದ್ದ ಹೆಂಗಸಿನ ಹತ್ತಿರ, ಇನ್ನೊಬ್ಬರು ಆಗತಾನೇ ಹುಟ್ಟಿದ ಮಗುವಿನ ಹತ್ತಿರ. ಮಗುವಿನ ಹತ್ತಿರ ಇದ್ದ ಮರಾಠಿ ಸಿಸ್ಟರ್ ಅಲ್ಲಿಂದಲೇ ಕೂಗಿ ಹೇಳಿದರು.

"ಫೈನಲ್ ಇಯರ್ ಆಹೇಸ್ ನಾ? ತೂಚ್ ಬಘ್, ಮಲಾ ಸಾಂಗ್."

ನೀನೇ ನೋಡು, ನನಗೆ ಹೇಳು. ಐದು ವರ್ಷದಲ್ಲಿ ಯಾರೂ ನನ್ನ ಮೇಲೆ ಅಷ್ಟು ವಿಶ್ವಾಸ ಇಟ್ಟಿರಲಿಲ್ಲ.

ನೋಡಿದೆ. ಆರು. ಕಾಲೇಜಿನಲ್ಲಿ ರಟ್ಟಿಗೆ ಬೇರೆ ಬೇರೆ ಅಳತೆಯ ತೂತು ಕೊರೆದು, ಕಣ್ಣು ಮುಚ್ಚಿಸಿ, ಎರಡು ಬೆರಳು ಅಗಲಿಸಿ ಎಷ್ಟು ಸೆಂಟಿಮೀಟರ್ ಎಂದು ಹೇಳಿಸುತ್ತಿದ್ದರು. ಆ ಆಟದಲ್ಲಿ ನಾನು ತಪ್ಪಿದ್ದೇ ಇಲ್ಲ. ಆದ್ದರಿಂದ ಅನುಮಾನವಿತ್ತು ಎಂದೋ ಗೊತ್ತಾಗಲಿಲ್ಲ ಎಂದೋ ಹೇಳುವ ನೆಪ ನನಗಿಲ್ಲ. ತಲೆ ಇನ್ನೂ ಮೇಲೆಯೇ ಇತ್ತು. ನಾಲ್ಕು ಗಂಟೆಯಲ್ಲಿ ಎರಡೇ ಸೆಂಟಿಮೀಟರ್. ಗುರುತು ಗೆರೆಯ ಬಲಕ್ಕೆ ಬೀಳುತ್ತಿತ್ತು.

ಗ್ಲೌಸ್ ಕಳಚಿ ಹಾಳೆಯ ಮುಂದೆ ನಿಂತೆ. ಆರು ಎಂದು ಬರೆದರೆ ಡಾಕ್ಟರ್ ಬರುತ್ತಾರೆ. ಬಂದರೆ ನೀರಿನ ಚೀಲ ಒಡೆಯುತ್ತಾರೆ, ಡ್ರಿಪ್ ಹಾಕುತ್ತಾರೆ, ಇಲ್ಲವೇ ಸಿಸೇರಿಯನ್ ಎನ್ನುತ್ತಾರೆ. ಹೇಗಿದ್ದರೂ ಕೇಸು ನನ್ನದಲ್ಲ. ನನ್ನ ಡ್ಯೂಟಿ ಮುಗಿಯಲು ಇನ್ನು ಮೂರು ಗಂಟೆ. ನಾನು ಮನಸ್ಸಿನಲ್ಲಿ ಹಾಕಿದ ಲೆಕ್ಕ ಹೀಗಿತ್ತು: ಈಗ ಎಂಟು ಎಂದು ಬರೆದರೆ ಯಾರೂ ಬರುವುದಿಲ್ಲ. ಅಷ್ಟರಲ್ಲಿ ಬಾಯಿ ತಾನಾಗಿ ತೆರೆಯುತ್ತದೆ, ನಿಜ ಓಡಿ ಬಂದು ನನ್ನ ಸುಳ್ಳಿನ ಸಮಕ್ಕೆ ನಿಲ್ಲುತ್ತದೆ. ಆಮೇಲೆ ಅದು ಸುಳ್ಳೇ ಅಲ್ಲ.

ಎಂಟರ ಮನೆಯಲ್ಲಿ, ಸರಿಯಾಗಿ ಗೆರೆಯ ಮೇಲೆ, ಗುಣಿಸು ಹಾಕಿದೆ. ಎಂಟು ಎಂದು ಸಿಸ್ಟರಿಗೆ ಕೂಗಿ ಹೇಳಿದೆ. "ಛಾನ್," ಎಂದರು ಅವರು. ಚೆನ್ನಾಯಿತು.

ಇಪ್ಪತ್ತು ನಿಮಿಷದ ಮೇಲೆ ರಜಿಸ್ಟ್ರಾರ್ ಡಾಕ್ಟರ್ ರೌಂಡಿಗೆ ಬಂದರು. ಸಣ್ಣ ವಯಸ್ಸಿನ ಹೆಂಗಸು, ನಿದ್ದೆಗೆಟ್ಟ ಕಣ್ಣು. ನನ್ನ ಟೇಬಲ್ಲಿನ ಹತ್ತಿರ ನಿಂತರು, ಹಾಳೆ ಎತ್ತಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಕೇಳದಿದ್ದರೂ ನಾನೇ "ಎಲ್ಲ ಚೆನ್ನಾಗಿದೆ ಮ್ಯಾಡಮ್, ಎಂಟಾಗಿದೆ" ಎಂದು ಹಿಂದಿಯಲ್ಲಿ ಒದರಿದೆ. ಅವರು ತಲೆಯಾಡಿಸಿ ಹಾಳೆ ಕೆಳಗಿಟ್ಟರು. ಹೆಂಗಸನ್ನು ಮುಟ್ಟಲಿಲ್ಲ, ಮುಟ್ಟುವ ಕಾರಣ ನಾನೇ ಉಳಿಸಿರಲಿಲ್ಲ. ರಕ್ತ ಹೋಗುತ್ತಿದ್ದ ಹೆಂಗಸನ್ನು ಕರೆದುಕೊಂಡು ಆಪರೇಷನ್ ಥಿಯೇಟರಿಗೆ ಹೋಗಿಬಿಟ್ಟರು.

ಹನ್ನೆರಡೂವರೆಗೆ ಎದೆಬಡಿತ ನೂರಾ ಮೂವತ್ತೆಂಟು. ಅದನ್ನು ಸರಿಯಾಗಿಯೇ ಬರೆದೆ. ಹುಡುಗಿ ಬೆವರಿ ನೀರಾಗಿದ್ದಳು. ನೋವು ಬಂದಾಗಲೆಲ್ಲ ಅವಳ ಉಗುರು ನನ್ನ ಮೊಣಕೈಗೆ ಇಳಿಯುತ್ತಿತ್ತು. ಧೈರ್ಯ ಹೇಳುತ್ತಿದ್ದೆ. ಧೈರ್ಯ ಹೇಳುವುದರಲ್ಲಿ ನಾನು ಬಹಳ ಜಾಣೆ ಎಂದು ವಾರ್ಡಿನಲ್ಲಿ ಹೆಸರಿತ್ತು.

ಒಂದು ಗಂಟೆಗೆ ಮತ್ತೆ ಕಿವಿಗೊಟ್ಟೆ. ನೋವು ಇಳಿದ ಮೇಲೆ ಪೂರ್ತಿ ಒಂದು ನಿಮಿಷ ಎಣಿಸಿದೆ. ನೂರಾ ನಾಲ್ಕು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ನೂರಾ ಆರು. ನೂರಾ ಹತ್ತಕ್ಕಿಂತ ಕೆಳಗೆ ಇಳಿಯಬಾರದು. ನೋವು ಬಂದಾಗ ಇಳಿಯುವುದು ಉಂಟು, ಹೋದ ಮೇಲೂ ಏಳದಿದ್ದರೆ ಮಗು ಸೋಲುತ್ತಿದೆ ಎಂದೇ ಅರ್ಥ.

ಪೆನ್ನು ತೆಗೆದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ಬಂದ ಮೊದಲನೆಯ ಯೋಚನೆ ಡಾಕ್ಟರನ್ನು ಕರೆಯುವುದಲ್ಲ. ನೂರಾ ಇಪ್ಪತ್ತು ಎಂದು ಬರೆದು, ಅವಳನ್ನು ಎಡ ಮಗ್ಗುಲಿಗೆ ಮಲಗಿಸಿ, ಆಮ್ಲಜನಕ ಹಚ್ಚಿ, ಹತ್ತು ನಿಮಿಷ ನೋಡೋಣ ಎಂದು. ಪೆನ್ನಿನ ತುದಿ ನೂರಾ ಇಪ್ಪತ್ತರ ಗೆರೆಯ ಮೇಲೆ ಕೂತೇಬಿಟ್ಟಿತ್ತು. ಎಂಟು ಎಂದು ಬರೆಯುವ ಮುಂಚೆ ನಾನು ಅಷ್ಟು ಹೊತ್ತು ಲೆಕ್ಕ ಹಾಕಿದ್ದೆ. ಈ ಸಲ ಏನೂ ಲೆಕ್ಕ ಬೇಕಾಗಲಿಲ್ಲ, ಕೈ ತಾನೇ ಹೋಗಿತ್ತು. ಆ ಕೈ ನೋಡಿ ನನಗೆ ಭಯವಾಯಿತು. ಮಗು ಸತ್ತರೂ ಈ ಕೈ ಹಾಳೆಯನ್ನು ಸರಿ ಮಾಡಿಕೊಂಡೇ ಕೂತಿರುತ್ತದೆ ಅನ್ನಿಸಿತು.

ನೂರಾ ನಾಲ್ಕು ಎಂದು ಬರೆದೆ. ಅವಳನ್ನು ಎಡಕ್ಕೆ ಹೊರಳಿಸಿದೆ, ಮಾಸ್ಕ್ ಹಚ್ಚಿದೆ. ಸಿಸ್ಟರ್ ಹತ್ತಿರ ಓಡಿದೆ.

"ಸಿಸ್ಟರ್, ಎದೆಬಡಿತ ಬಿದ್ದಿದೆ. ಮತ್ತೆ ಅದು ಎಂಟಲ್ಲ. ಹನ್ನೆರಡಕ್ಕೆ ಆರಿತ್ತು. ನಾನು ಸುಳ್ಳು ಬರೆದೆ," ಎಂದು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದೆ.

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಬೈಯಲಿಲ್ಲ, ಬೈಯಲು ಹೊತ್ತಿರಲಿಲ್ಲ. ಗ್ಲೌಸ್ ಹಾಕಿಕೊಂಡು ತಾವೇ ನೋಡಿದರು. ಏಳು, ತಲೆ ಮೇಲೇ. "ಡಾಕ್ಟರಕಡೇ ಪಳ್," ಎಂದರು. ಡಾಕ್ಟರ ಕಡೆ ಓಡು.

ಡಾಕ್ಟರ್ ಥಿಯೇಟರಿನಲ್ಲಿ ಆ ಇನ್ನೊಬ್ಬ ಹೆಂಗಸಿನ ಹೊಟ್ಟೆ ಹೊಲಿಯುತ್ತಿದ್ದರು. ಬಾಗಿಲಿನ ಗಾಜಿನಾಚೆಯಿಂದ ಹೇಳಿದರೆ ಕೇಳಿಸದು, ಒಳಗೆ ಹೋಗುವಂತಿಲ್ಲ. ಥಿಯೇಟರ್ ನರ್ಸ್ ಬಾಗಿಲು ಸಂದಿ ಮಾಡಿದಳು. ಎಲ್ಲರೂ ಕೇಳುವ ಹಾಗೆ ಗಟ್ಟಿಯಾಗಿ ಮತ್ತೊಮ್ಮೆ ಅದೇ ಮಾತು ಹೇಳಬೇಕಾಯಿತು.

"ಮ್ಯಾಡಮ್, ಮೈನೆ ಗಲತ್ ಲಿಖಾ ಥಾ. ಆಠ್ ನಹೀಂ ಥಾ, ಛೇ ಥಾ."

ಡಾಕ್ಟರ್ ತಲೆ ಎತ್ತಲಿಲ್ಲ. ಹೊಲಿಗೆಯನ್ನು ಜೂನಿಯರಿಗೆ ಬಿಟ್ಟು, ಗ್ಲೌಸ್ ಕಿತ್ತು ಬುಟ್ಟಿಗೆ ಎಸೆದು, ನನ್ನನ್ನು ದಾಟಿ ಹೋದರು. ನಾನು ಹಿಂದೆ ಓಡಿದೆ. ಅವರು ನೀರಿನ ಚೀಲ ಒಡೆದರು. ಬಂದದ್ದು ಹಸಿರು ನೀರು, ಪಾಲಕಿನ ಸಾರಿನಷ್ಟು ದಪ್ಪ. ಮಗು ಉಸಿರು ಸಾಲದೆ ಒಳಗೇ ಮಲ ಮಾಡಿಕೊಂಡಿತ್ತು. ಅದು ಎಷ್ಟು ಹೊತ್ತಿನಿಂದ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಹನ್ನೆರಡಕ್ಕೇ ಒಡೆದಿದ್ದರೆ ನೀರು ತಿಳಿಯಾಗಿರುತ್ತಿತ್ತೇನೋ. ಆ ಪ್ರಶ್ನೆಗೆ ನನಗೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ.

ಅವಳನ್ನು ಥಿಯೇಟರಿಗೆ ಒಯ್ದರು. ಪೇಪರಿನ ಮೂಲೆಯ ನಂಬರನ್ನು ನಾನೇ ರಬ್ಬರಿನಿಂದ ಉಜ್ಜಿದೆ. ಗಟ್ಟಿಯಾಗಿ ಒತ್ತಿ ಬರೆದಿದ್ದರಿಂದ ಗುರುತು ಹೋಗಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಅವ್ವ ಮತ್ತು ಅತ್ತೆ ಕೂತಿದ್ದರು. ಸಹಿ ಹಾಕಿಸಲು ಡಾಕ್ಟರ್ ಅತ್ತೆಯನ್ನು ಒಳಗೆ ಕರೆದರು. ಅವ್ವನನ್ನು ನೀರಿನ ಡ್ರಮ್ಮಿನ ಹಿಂದೆ ಕರೆದುಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಅರ್ಥವಾಗಲು ತಡವಾಯಿತು. ಅರ್ಥವಾದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಯಾರಿಗೂ ಹೇಳಬ್ಯಾಡ," ಎಂದಳು. "ಅಕೀ ತಾಯಿಗೆ ನಾ ಮಾತ ಕೊಟ್ಟೀನಿ. ನಡುವ ಒಂದ ಗ್ವಾಡಿ ಐತಿ ಅಷ್ಟ. ನಾಳಿಂದ ಅವರ ಮಾರಿ ಹೆಂಗ ನೋಡ್ಲಿ?"

"ನಾ ಡಾಕ್ಟರಗ ಹೇಳೀನವ್ವಾ."

"ಡಾಕ್ಟರ ನಮ್ಮ ಓಣ್ಯಾಗಿಲ್ಲ," ಎಂದಳು. ಆಮೇಲೆ ಅಲ್ಲೇ ಕುಸಿದು ಕೂತು ಎದೆ ಬಡಿದುಕೊಂಡಳು. "ನಾನ ಕರಕೊಂಡ ಬಂದೆ. ನಾನ ಬಿಡಿಸಿಕೊಂಡೆ ಅಕಿನ್ನ ಅವರವ್ವನ ಕೈಯಿಂದ."

ಗಂಡು ಮಗು ಹುಟ್ಟಿತು. ಹುಟ್ಟಿದಾಗ ಅಳಲಿಲ್ಲ. ಮಕ್ಕಳ ಡಾಕ್ಟರ್ ಮೂಗು ಬಾಯಿಯಿಂದ ಹಸಿರು ಎಳೆದು, ಗಾಳಿ ಒತ್ತಿದರು, ಎರಡು ನಿಮಿಷದ ಮೇಲೆ ಅದು ಬೆಕ್ಕಿನ ಮರಿಯ ಹಾಗೆ ದನಿ ತೆಗೆಯಿತು. ಆ ಎರಡು ನಿಮಿಷ ನಾನು ಥಿಯೇಟರಿನ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದೆ. ದೇವರಿಗೆ ಏನೂ ಬೇಡಿಕೊಳ್ಳಲಿಲ್ಲ, ಬೇಡಲು ಮುಖ ಇರಲಿಲ್ಲ. ಮಗುವನ್ನು ನೇರವಾಗಿ ಮಕ್ಕಳ ಐಸಿಯುಗೆ ಒಯ್ದರು.

ನಾಲ್ಕು ಗಂಟೆಗೆ ಟ್ಯೂಟರ್ ನನ್ನನ್ನು ಕರೆಸಿದರು. ಮೇಜಿನ ಮೇಲೆ ಆ ಪಾರ್ಟೋಗ್ರಾಫ್ ಇತ್ತು. ಹನ್ನೆರಡರ ಗುಣಿಸಿನ ಸುತ್ತ ಡಾಕ್ಟರ್ ಕೆಂಪು ಶಾಯಿಯ ವೃತ್ತ ಹಾಕಿದ್ದರು.

"ಕೇಸ್ ಬುಕ್ ತಾ," ಎಂದರು. ಕೊಟ್ಟೆ. ಒಂದೊಂದೇ ಪುಟ ತಿರುವಿದರು. "ಇದ್ರಲ್ಲಿ ಇನ್ನೆಷ್ಟು ಹೀಗೆ ಉಂಟು?"

"ಇಲ್ಲ ಮ್ಯಾಡಮ್. ಇದೊಂದೇ."

"ನಾನು ಹೇಗೆ ನಂಬುದು?"

ಹತ್ತೊಂಬತ್ತೂ ನಿಜವೇ ಆಗಿದ್ದವು, ಆದರೆ ನಾನು ನಿಜ ಎಂದ ಮಾತ್ರಕ್ಕೆ ನಿಜ ಆಗುವ ಕಾಲ ಮುಗಿದಿತ್ತು.

"ಕಡೆಗೆ ನಾನೇ ಹೇಳಿದೆ ಮ್ಯಾಡಮ್," ಎಂದೆ. ಯಾಕೆ ಹಾಗೆಂದೆನೋ. ಅಷ್ಟಾದರೂ ಒಪ್ಪಿಕೊಳ್ಳಲಿ ಎಂಬ ಆಸೆಯಿರಬೇಕು.

ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಹೇಳಿದ್ದು ದೊಡ್ಡದಾಯ್ತು ಅಂತ ನಾನು ಹೇಳುದಿಲ್ಲ. ಹೇಳ್ಬೇಕಿತ್ತು, ಹೇಳಿದ್ದಿ. ಅಷ್ಟೇ. ನಾನು ಕೆಲ್ಸಕ್ಕೆ ಸೇರಿದ ಮೇಲೆ ಹುಡುಗಿಯರು ಸಂಖ್ಯೆ ಸೇರಿಸಿದ್ದು ನೋಡಿದ್ದೇನೆ, ಕಳ್ಳ ಸಹಿ ಹಾಕಿದ್ದು ನೋಡಿದ್ದೇನೆ. ಹೆರುವವಳು ಎದುರು ಮಲಗಿರುವಾಗ ಹೀಗೆ ಮಾಡಿದ್ದು ನೋಡ್ಲಿಲ್ಲ." ಕೇಸ್ ಬುಕ್ಕನ್ನು ಡ್ರಾಯರಿಗೆ ಹಾಕಿ ಕೀಲಿ ತಿರುಗಿಸಿದರು.

ಹಾಲ್ ಟಿಕೆಟ್ ಬರಲಿಲ್ಲ. ಹತ್ತೊಂಬತ್ತು ಕೇಸುಗಳನ್ನೂ ವಾರ್ಡಿನ ರಿಜಿಸ್ಟರಿನೊಡನೆ ಹೋಲಿಸಿ ನೋಡಿದರು, ಅದಕ್ಕೆ ಎರಡು ತಿಂಗಳು ಹಿಡಿಯಿತು. ಹೆರಿಗೆ ವಾರ್ಡಿನ ಪೋಸ್ಟಿಂಗನ್ನು ಮೊದಲಿನಿಂದ ಮಾಡಲು ಹೇಳಿದರು. ಇಪ್ಪತ್ತನ್ನೂ ಹೊಸದಾಗಿ, ಪ್ರತಿ ಒಳಪರೀಕ್ಷೆಗೂ ಸಿಸ್ಟರ್ ಪಕ್ಕದಲ್ಲಿ ನಿಂತು, ಎರಡೆರಡು ಸಹಿಯೊಂದಿಗೆ. ಮಾಡಿದೆ. ಬಿಟ್ಟುಬಿಡುತ್ತೇನೆ ಎಂದು ಎಷ್ಟು ದಿನ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಲೋಕಲ್‌ಗಳನ್ನು ಹೋಗಗೊಟ್ಟೆನೋ ಲೆಕ್ಕವಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಈಗ ಬೇರೊಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಪಾಸಾದ ಕಥೆ ಇಷ್ಟೇ, ಅದರಲ್ಲಿ ಹೇಳುವುದು ಹೆಚ್ಚೇನಿಲ್ಲ. ಹೇಳಬೇಕಾದದ್ದು ಆಪರೇಷನ್ ಆದ ಮೂರನೆಯ ದಿನದ್ದು.

ಆ ದಿನ ಮಧ್ಯಾಹ್ನ ಮಗುವನ್ನು ಐಸಿಯುನಿಂದ ತಾಯಿಯ ಹತ್ತಿರ ತಂದರು. ನಾನು ಬಾಣಂತಿಯರ ವಾರ್ಡಿಗೆ ಹೋದಾಗ ಅತ್ತೆ ಚಹಾ ಕುಡಿಯಲು ಕೆಳಗೆ ಹೋಗಿದ್ದಳು. ಹುಡುಗಿ ಮಗ್ಗುಲಿಗೆ ಮಗುವನ್ನು ಹಾಕಿಕೊಂಡು ಮಲಗಿದ್ದಳು, ನನ್ನನ್ನು ನೋಡಿ ಮುಖ ಅರಳಿತು.

"ಬಾ ಅಕ್ಕಾ, ಕೂಡು. ನೋಡಿಲ್ಲಿ, ಮೂಗ ಥೇಟ್ ಇವರಪ್ಪಂದ. ನೀ ಓಡಿ ಹೋಗಿ ಡಾಕ್ಟರನ್ನ ಕರಕೊಂಡ ಬರದಿದ್ರ ನಾವಿಬ್ಬರೂ ಉಳೀತಿದ್ದಿಲ್ಲಂತ ಅತ್ತಿ ಎಲ್ಲಾರಿಗೂ ಹೇಳಾಕತ್ತಾಳ."

ಅವ್ವ ಬೇಡ ಎಂದಿದ್ದಳು. ಬರುವಾಗ ಮೆಟ್ಟಿಲಲ್ಲಿ ನಿಂತು ನಾನೂ ಬೇಡ ಎಂದೇ ತೀರ್ಮಾನಿಸಿದ್ದೆ. ಆದರೆ ಆ ಹೊಗಳಿಕೆ ಕೇಳಿಕೊಂಡು ಕೂರಲು ಆಗಲಿಲ್ಲ.

"ನಾ ಓಡಿದ್ದು ತಡಾ ಆಗಿತ್ತು," ಎಂದೆ. "ಹನ್ನೆರಡಕ್ಕ ನಿನಗ ಹಾದಿ ಸರಿ ಇರಲಿಲ್ಲ. ನನಗ ಗೊತ್ತಿತ್ತು. ಆರ ಇದ್ದದ್ದನ್ನ ನಾ ಎಂಟಂತ ಬರದೆ. ಡಾಕ್ಟರ ಅದನ್ನ ನೋಡಿ ನಿನ್ನ ಮುಟ್ಟದ ಹ್ವಾದ್ರು."

"ಯಾಕ ಬರದಿ?"

"ಡಾಕ್ಟರ ಕೈ ಹಾಕಿದ್ರ ನೀ ನನ್ನ ಲೆಕ್ಕಕ್ಕ ಬರತಿದ್ದಿಲ್ಲ. ಪರೀಕ್ಷಾಕ್ಕ ಒಂದ ಕಡಿಮಿ ಇತ್ತು."

ಅವಳು ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡೇ ಸೂರು ನೋಡುತ್ತ ಮಲಗಿದಳು. ಪಕ್ಕದ ಹಾಸಿಗೆಯ ಹೆಂಗಸು ಯಾರಿಗೋ ಫೋನಿನಲ್ಲಿ ಡಬ್ಬಿ ತರಲು ಹೇಳುತ್ತಿದ್ದಳು.

"ಎಷ್ಟ ಹೊತ್ತು?" ಎಂದಳು ಆಮೇಲೆ.

"ಒಂದ ತಾಸಿನ ಮ್ಯಾಲ."

"ಆ ಹೊತ್ತಿನ್ಯಾಗ ನಾ ನಿನ್ನ ಕೇಳಿದ್ನಿ ಅಕ್ಕಾ. ಏನರ ಆಗೇತೇನ, ನನಗ ಹಿಂಗ್ಯಾಕ ಆಗಾಕತ್ತೇತಿ ಅಂತ." ದನಿ ಏರಿಸಲಿಲ್ಲ. "ಏನಿಲ್ಲ, ಎಲ್ಲಾ ಛಲೋ ನಡದೈತಿ, ಒದರಬ್ಯಾಡ ಅಂದಿ. ನೀ ಹೇಳಿದಿ ಅಂತ ನಾ ಬಾಯಾಗ ಬಟ್ಟಿ ತುರಕೊಂಡ ಸುಮ್ಮ ಬಿದ್ದಿದ್ನಿ."

ನಾನು ಅವಳ ಹಾಸಿಗೆಯ ಚಾದರದ ಮೂಲೆಯನ್ನು ಸರಿಮಾಡಿದೆ.

"ಒದರಿದ್ರ ಯಾರರ ಬರತಿದ್ರು," ಎಂದಳು.

ಅಷ್ಟರಲ್ಲಿ ಮಗು ಎದ್ದು ಅಳತೊಡಗಿತು. ರೂಢಿಯಂತೆ ನನ್ನ ಎರಡೂ ಕೈ ಮುಂದೆ ಹೋದವು. ಅವಳು ಹೊಲಿಗೆಯ ನೋವಿಗೆ ಹಲ್ಲು ಕಚ್ಚಿ ಹೊರಳಿ, ಮಗುವನ್ನು ತನ್ನ ಕಡೆ ಎಳೆದುಕೊಂಡಳು.

"ನೀ ಬ್ಯಾಡ," ಎಂದಳು. "ಅತ್ತಿನ್ನ ಕರಿ."

ನಾನು ಅತ್ತೆಯನ್ನು ಕರೆಯಲು ಕೆಳಗೆ ಹೋದೆ.